ದೂರದ ಬೆಟ್ಟ, ಮುಳುಗಿದ ಊರು

ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂದು ನಮ್ಮ ಲಾಕ್ಷಣಿಕರು ವಿಧಿಸಿದರು. ಅವುಗಳಲ್ಲಿ ಪರ್ವತವರ್ಣನೆಯೂ ಒಂದು. ಹಳಗನ್ನಡ ಕಾವ್ಯಗಳನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳು ಆಕಳಿಸುವುದು ಇಂಥ ಕಡೆಯಲ್ಲೇ. ಕಥೆ ನಿಂತಿತು, ಬೆಟ್ಟ ಬಂದಿತು ಎಂದು ಅವರ ಬೇಸರ. ಆದರೆ ಬೆಟ್ಟವನ್ನು ವರ್ಣಿಸುವಾಗ ಕಲಾವಿದನು ಏನನ್ನು ಕಂಡ, ಏನನ್ನು ಕಾಣದೆ ಬಿಟ್ಟ ಎಂಬ ಪ್ರಶ್ನೆಯನ್ನು ಅವರೂ ಕೇಳುವುದಿಲ್ಲ, ನಾವೂ ಕೇಳುವುದಿಲ್ಲ. ಈ ಪ್ರಶ್ನೆ ಎಷ್ಟು ಹರಿತವಾದುದೆಂದು ನನಗೆ ಮನವರಿಕೆಯಾದದ್ದು ವೇಲ್ಸ್ ದೇಶದ ಒಂದು ಬೆಟ್ಟದ ಚಿತ್ರಗಳಿಂದ.

ಆ ಬೆಟ್ಟದ ಹೆಸರು ಅರೆನಿಗ್ ವೌರ್. ಹಿರಿಯ ಅರೆನಿಗ್ ಎಂದರ್ಥ. ಕಣಿವೆಯ ಆಚೆಗೆ ಅರೆನಿಗ್ ವಾಖ್, ಅಂದರೆ ಕಿರಿಯ ಅರೆನಿಗ್, ನಿಂತಿದೆ. ಉತ್ತರ ವೇಲ್ಸಿನ ಬಾಲಾ ಪಟ್ಟಣದ ಪಶ್ಚಿಮಕ್ಕಿರುವ ಈ ಬೆಟ್ಟದ ಎತ್ತರ ಸುಮಾರು 2,800 ಅಡಿ. ಪ್ರವಾಸಿಗಳೆಲ್ಲ ಮುಗಿಬೀಳುವುದು 3,560 ಅಡಿ ಎತ್ತರದ ಸ್ನೋಡನ್ ಪರ್ವತಕ್ಕೆ. ಅರೆನಿಗ್ಗಿನ ಹೆಸರು ಬಲ್ಲವರಲ್ಲಿ ಭೂವಿಜ್ಞಾನಿಗಳು ಮುಖ್ಯರು. ಅತಿ ಪ್ರಾಚೀನವಾದ ಒಂದು ಶಿಲಾಸ್ತರಕ್ಕೆ ಅವರು ಇದೇ ಹೆಸರನ್ನಿಟ್ಟರು.

ಇಂಗ್ಲಿಷ್ ಲೇಖಕ ಜಾರ್ಜ್ ಬಾರೋ 1854ರಲ್ಲಿ ಈ ದಾರಿಯಲ್ಲಿ ನಡೆದುಹೋದ. 1862ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ, ವೇಲ್ಸಿನಲ್ಲಿ ಕಂಡ ಬೆಟ್ಟಗಳಲ್ಲಿ ತನ್ನ ಮನಸ್ಸಿಗೆ ಹೆಚ್ಚು ತಟ್ಟಿದ್ದು ಇದೇ ಎಂಬರ್ಥದ ಮಾತನ್ನು ಬರೆದ. ಬಾರೋ ವೆಲ್ಷ್ ಭಾಷೆಯನ್ನು ಕಲಿತಿದ್ದವನು. ಹಾದಿಯಲ್ಲಿ ಸಿಕ್ಕವರನ್ನೆಲ್ಲ ಮಾತಿಗೆಳೆಯುವವನು. ಅವನ ಬರಹದಲ್ಲಿ ಜಂಬವಿದೆ, ಮಾತು ಹೆಚ್ಚಾಯಿತೆನಿಸುವುದೂ ಉಂಟು. ಆದರೂ ಅವನ ಬೆಟ್ಟಗಳ ಬುಡದಲ್ಲಿ ಮನುಷ್ಯರ ಮಾತು ಕೇಳಿಸುತ್ತದೆ. ಅದು ಸಣ್ಣ ಗುಣವಲ್ಲ.

ಅರೆನಿಗ್ಗಿಗೆ ನಿಜವಾದ ಕೀರ್ತಿ ಬಂದದ್ದು ಜೇಮ್ಸ್ ಡಿಕ್ಸನ್ ಇನ್ನೆಸ್ ಎಂಬ ಚಿತ್ರಕಾರನಿಂದ. 1887ರಲ್ಲಿ ದಕ್ಷಿಣ ವೇಲ್ಸಿನ ಲಾನೆಲಿಯಲ್ಲಿ ಹುಟ್ಟಿದ ಈತ ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಕಲಿತ. ಚಿಕ್ಕ ವಯಸ್ಸಿನಲ್ಲೇ ಕ್ಷಯ ಅಂಟಿತು. 1910ರಲ್ಲಿ ಈ ಬೆಟ್ಟವನ್ನು ಕಂಡ. ಕಂಡದ್ದೇ ತಡ ಮರುಳಾದ. 1911 ಮತ್ತು 1912ರಲ್ಲಿ ಗೆಳೆಯ ಆಗಸ್ಟಸ್ ಜಾನನೊಡನೆ ತಪ್ಪಲಿನಲ್ಲಿ ಬಿಡಾರ ಹೂಡಿ, ಸಣ್ಣ ಸಣ್ಣ ಮರದ ಹಲಗೆಗಳ ಮೇಲೆ ಅದನ್ನೇ ಮತ್ತೆ ಮತ್ತೆ ಚಿತ್ರಿಸಿದ. ತಾನು ಪ್ರೀತಿಸಿದವಳ ಪತ್ರಗಳನ್ನು ಬೆಳ್ಳಿಯ ಪೆಟ್ಟಿಗೆಯಲ್ಲಿಟ್ಟು ಶಿಖರದ ಕಲ್ಲುಗುಡ್ಡೆಯೊಳಗೆ ಹೂತನೆಂಬ ಕಥೆಯೂ ಇದೆ. 1914ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ, ತೀರಿಕೊಂಡ.

ಈ ಬೆಟ್ಟವನ್ನು ನಾನು ಕಣ್ಣಾರೆ ಕಂಡವನಲ್ಲ. ಚಿತ್ರಗಳ ಅಚ್ಚಿನ ಪ್ರತಿಗಳನ್ನಷ್ಟೆ ನೋಡಿದವನು. ಅಷ್ಟರಲ್ಲಿಯೇ ಇನ್ನೆಸನ ಶಕ್ತಿ ಮನಸ್ಸಿಗೆ ಬರುತ್ತದೆ. ಮಳೆಯ ನಾಡಿನ ಮಬ್ಬು ಬೆಟ್ಟಕ್ಕೆ ಅವನು ದಕ್ಷಿಣ ಫ್ರಾನ್ಸಿನಲ್ಲಿ ಕಂಡುಬಂದ ಬಿಸಿಲಿನ ಬಣ್ಣಗಳನ್ನು ಬಳಿದ. ನೀಲಿ, ನೇರಿಳೆ, ಗುಲಾಬಿ ಒಂದನ್ನೊಂದು ಕೂಗಿ ಕರೆಯುತ್ತವೆ. ಸಾವು ಹತ್ತಿರವಿದೆಯೆಂದು ಬಲ್ಲವನ ಅವಸರ ಅಲ್ಲಿದೆ. ಇದು ಬೆಟ್ಟದ ನಕಲಲ್ಲ, ಬೆಟ್ಟದ ಮೂಲಕ ತನ್ನ ಜೀವವನ್ನು ಹಿಡಿದುಕೊಳ್ಳುವ ಯತ್ನ. ರಸದೃಷ್ಟಿಯಿಂದ ಇದಕ್ಕಿಂತ ಹೆಚ್ಚಿನದನ್ನು ಕೇಳುವುದು ನ್ಯಾಯವಲ್ಲವೆನಿಸುತ್ತದೆ.

ಆದರೂ ಕೇಳಬೇಕಾಗಿದೆ. ಈ ಚಿತ್ರಗಳಲ್ಲಿ ಊರು ಎಲ್ಲಿ? ಬೆಟ್ಟವಿದೆ, ನೀರಿದೆ, ಮೋಡವಿದೆ, ಒಲೆಯ ಹೊಗೆಯಿಲ್ಲ. ಜಾನನ ಚಿತ್ರಗಳಲ್ಲಿ ಬೆಟ್ಟದ ಮುಂದೆ ನಿಲ್ಲುವ ಹೆಂಗಸರು ಮಕ್ಕಳು ಕೂಡ ಬಹುಮಟ್ಟಿಗೆ ಅವನ ಮನೆಯವರೇ ಹೊರತು ಅಲ್ಲಿ ಕುರಿ ಸಾಕಿ ಬಾಳಿದವರಲ್ಲ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ನಾವು ಬೆಟ್ಟದ ಕಲ್ಲುಮುಳ್ಳಿಗೆ ಮಾತ್ರ ಹೇಳುತ್ತೇವೆ. ದೂರವು ಮನುಷ್ಯರನ್ನೂ ನುಣ್ಣಗೆ ಅಳಿಸಿಬಿಡುತ್ತದೆ.

ಅರ್ಧ ಶತಮಾನ ಕಳೆಯುವಷ್ಟರಲ್ಲಿ ಈ ಪ್ರಶ್ನೆ ಕಲೆಯ ಪ್ರಶ್ನೆಯಾಗಿ ಉಳಿಯಲಿಲ್ಲ. ಅರೆನಿಗ್ಗಿನ ತಪ್ಪಲಿನ ಟ್ರವೆರಿನ್ ಕಣಿವೆಯಲ್ಲಿ ಕಾಪೆಲ್ ಕೆಲಿನ್ ಎಂಬ ಹಳ್ಳಿಯಿತ್ತು. ವೆಲ್ಷ್ ಮನೆಮಾತಿನ ಜನ; ಒಂದು ಪ್ರಾರ್ಥನಾಮಂದಿರ, ಒಂದು ಶಾಲೆ, ಒಂದು ಅಂಚೆಮನೆ. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕಾಯಿತು. 1956ರಲ್ಲಿ ಊರವರು ಮಕ್ಕಳೊಡನೆ ಆ ನಗರಕ್ಕೆ ಹೋಗಿ ಮೆರವಣಿಗೆ ನಡೆಸಿದರು. ವೇಲ್ಸಿನ ಸದಸ್ಯರು ಬಹುತೇಕ ಎಲ್ಲರೂ ವಿರೋಧಿಸಿದರೂ 1957ರಲ್ಲಿ ಪಾರ್ಲಿಮೆಂಟು ಮಸೂದೆಯನ್ನು ಅಂಗೀಕರಿಸಿತು. ಕಣಿವೆಯ ರೈಲುದಾರಿ ಮುಚ್ಚಿತು. 1965ರಲ್ಲಿ ಜಲಾಶಯದ ಉದ್ಘಾಟನೆಯಾಯಿತು. ಮಂದಿರ, ಶಾಲೆ, ಹೊಲಮನೆಗಳು ನೀರಿನಡಿಗೆ ಹೋದವು. ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿದ್ದು 2005ರಲ್ಲಿ.

ಇದಕ್ಕೆ ಇನ್ನೆಸನನ್ನು ಹೊಣೆ ಮಾಡುವುದು ಮೂರ್ಖತನ. ಚಿತ್ರಕಾರ ಕಣಿವೆಯಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ. ಆದರೆ ಒಬ್ಬನಿಗೆ ಬಣ್ಣವಾಗಿ, ಇನ್ನೊಬ್ಬರಿಗೆ ನೀರಾಗಿ ಕಂಡ ಕಣಿವೆ ಮೂರನೆಯವರಿಗೆ ಮನೆಯಾಗಿತ್ತೆಂಬುದು ಎರಡು ನೋಟಗಳಲ್ಲಿಯೂ ಬೀಳಲಿಲ್ಲ. ಇನ್ನೂ ನೋಯಿಸುವ ಸಂಗತಿಯೆಂದರೆ, ಜಲಾಶಯ ಬಂದ ಮೇಲೆ ನೋಟ ಕೆಡಲಿಲ್ಲ. ಅಗಲವಾದ ನೀರು, ಅದರ ಹಿಂದೆ ಬೆಟ್ಟ. ಗೊತ್ತಿಲ್ಲದವನು ರಮಣೀಯವೆನ್ನುತ್ತಾನೆ; ಅವನ ಕಣ್ಣೇನೂ ಸುಳ್ಳು ಹೇಳುವುದಿಲ್ಲ.

ಇಂಥ ಚೆಲುವನ್ನು ಒಪ್ಪಲು ನಿರಾಕರಿಸಿದ ಕವಿ ಆರ್. ಎಸ್. ಥಾಮಸ್. ಅವನ 1968ರ ಸಂಕಲನದಲ್ಲಿ ವೇಲ್ಸಿನ ಜಲಾಶಯಗಳನ್ನು ಕುರಿತ ಕವಿತೆಯಿದೆ. ಅಲ್ಲಿ ವರ್ಣನೆಯೇ ಆರೋಪವಾಗುತ್ತದೆ. ಅದಕ್ಕಿಂತಲೂ ಚಿಕ್ಕದು, ಅದೇ ದಶಕದಲ್ಲಿ ಅಲ್ಲಿಂದ ದೂರದ ಕಡಲತೀರದ ರಸ್ತೆಬದಿಯ ಹಾಳುಗೋಡೆಯೊಂದರ ಮೇಲೆ ಬಳಿದ ವೆಲ್ಷ್ ಬರಹ. ಟ್ರವೆರಿನ್ನನ್ನು ನೆನೆಯಿರಿ ಎಂಬರ್ಥದ ಎರಡೇ ಪದ. ಅಳಿಸಿದವರುಂಟು, ಮತ್ತೆ ಬರೆದವರುಂಟು.

ಹಾಗಾದರೆ ಇನ್ನೆಸನ ಚಿತ್ರಗಳನ್ನು ಬದಿಗಿಡಬೇಕೆ? ಬೇಡ. ಅವನಿಲ್ಲದಿದ್ದರೆ ನಮ್ಮಂಥವರ ಕಣ್ಣು ಆ ಬೆಟ್ಟದತ್ತ ತಿರುಗುತ್ತಲೇ ಇರಲಿಲ್ಲ. ಬೆಟ್ಟವನ್ನು ಅವನ ಹಲಗೆಯಲ್ಲಿ ನೋಡೋಣ, ಊರನ್ನು ಆ ಗೋಡೆಯಲ್ಲಿ ಓದೋಣ. ಒಂದು ಇನ್ನೊಂದರ ಕೊರತೆಯನ್ನು ತುಂಬದಿದ್ದರೂ ತೋರಿಸಿಕೊಡುತ್ತದೆ. ಮುಂದಿನ ಸಲ ತರಗತಿಯಲ್ಲಿ ಪರ್ವತವರ್ಣನೆ ಬಂದಾಗ ನಾನು ವಿದ್ಯಾರ್ಥಿಗಳಿಗೆ ಅಲಂಕಾರಗಳನ್ನು ಪಟ್ಟಿಮಾಡಲು ಹೇಳುವೆನು, ಹೇಳದೆ ವಿಧಿಯಿಲ್ಲ. ಆಮೇಲೆ ಆ ಬೆಟ್ಟದ ಬುಡದಲ್ಲಿ ಯಾರು ಇದ್ದರು ಎಂದೂ ಕೇಳುವೆನು.