ಜನವರಿ 28ರ ಪಟ್ಟಿಯಲ್ಲಿ ಯಾರು ಯಾರಿದ್ದಾರೆ?

ಜನವರಿ 28ರ ವಿಶೇಷ ಏನೆಂದು ಹುಡುಕಿದರೆ ಮೊದಲು ಸಿಗುವ ಹೆಸರು ಲಾಲಾ ಲಜಪತ್ ರಾಯ್, 1865. ಅವರ ಬೆನ್ನಿಗೇ ಕೊಡಗಿನ ಕಾರ್ಯಪ್ಪ, ಆಮೇಲೆ ಪಂಡಿತ್ ಜಸ್‌ರಾಜ್. ಘಟನೆಗಳ ಸಾಲಿಗೆ ಬಂದರೆ 1986ರ ಚಾಲೆಂಜರ್ ದುರಂತ: ನೆಲ ಬಿಟ್ಟ 73 ಸೆಕೆಂಡಿಗೆ ಛಿದ್ರವಾದ ನೌಕೆ, ಏಳು ಗಗನಯಾತ್ರಿಗಳ ಸಾವು. ಪಟ್ಟಿ ಅಷ್ಟಕ್ಕೇ ನಿಂತರೆ ತುಮಕೂರು ಜಿಲ್ಲೆಯ ತೆಂಗಿನ ಸೀಮೆಯ ಓದುಗರ ಪಾಲಿಗೆ ಅದು ಅರ್ಧ ಪಟ್ಟಿ. 1925ರ ಇದೇ ದಿನ ತಿಪಟೂರಿನಲ್ಲಿ ಅಣುವಿಜ್ಞಾನಿ ರಾಜಾ ರಾಮಣ್ಣ ಹುಟ್ಟಿದರು. ಸರಿಯಾಗಿ ಆರು ವರ್ಷದ ಮೇಲೆ, 1931ರ ಇದೇ ದಿನ, ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಸಾಸಲಿನಲ್ಲಿ ಕವಿ, ವಿದ್ವಾಂಸ ಸಾ.ಶಿ. ಮರುಳಯ್ಯ ಹುಟ್ಟಿದರು. ಒಬ್ಬರು ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದ ನಿರ್ದೇಶಕರಾದರು, ಇನ್ನೊಬ್ಬರು ಕನ್ನಡ ಸಾಹಿತ್ಯ ಪರಿಷತ್ತಿನ ಅಧ್ಯಕ್ಷರಾದರು.

ಒಂದೇ ತಾರೀಖಿನ ಹುಟ್ಟು, ಸಾವು, ಘಟನೆಗಳನ್ನು ಒಂದೆಡೆ ಪೋಣಿಸುವ ಈ ಬರವಣಿಗೆಗೆ ಕನ್ನಡದಲ್ಲಿ ‘ದಿನ ವಿಶೇಷ’ ಎಂಬ ಹೆಸರು ನಿಂತಿದೆ. ಪತ್ರಿಕೆಯ ಮೂಲೆಯ ಚೌಕ, ಬೆಳಗಿನ ರೇಡಿಯೊ, ಸ್ಪರ್ಧಾತ್ಮಕ ಪರೀಕ್ಷೆಯ ಕೈಪಿಡಿ, ಸೂರ್ಯ ಹುಟ್ಟುವ ಮೊದಲೇ ಬಂದು ಬೀಳುವ ವಾಟ್ಸ್‌ಆ್ಯಪ್ ಸಂದೇಶ, ಎಲ್ಲ ಕಡೆಯೂ ಅದಕ್ಕೆ ಜಾಗವಿದೆ. ಸರ್ಕಾರಿ ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಪಂಚಾಂಗ, ಸುಭಾಷಿತ, ಪತ್ರಿಕಾ ವಾರ್ತೆಯ ಜೊತೆಗೆ ಇದನ್ನೂ ಒಬ್ಬ ಹುಡುಗನೋ ಹುಡುಗಿಯೋ ಎದುರಿಗೆ ಬಂದು ಓದುವುದುಂಟು. ಇಷ್ಟು ಜನ ದಿನವೂ ಓದುವ, ಕೇಳುವ ಇತಿಹಾಸ ಬರಹ ಇನ್ನೊಂದಿಲ್ಲ. ಆದರೂ ಇದನ್ನು ಒಂದು ಬರಹವೆಂದು ಎಣಿಸಿ ಅದರ ಸರಿ ತಪ್ಪುಗಳನ್ನು ಅಳೆಯುವ ಗೋಜಿಗೆ ಹೋದವರು ಕಡಿಮೆ.

ಇದರ ಒಳ್ಳೆಯ ಗುಣವನ್ನು ಮೊದಲು ಹೇಳಬೇಕು. ಪಠ್ಯಪುಸ್ತಕದ ಇತಿಹಾಸ ರಾಜವಂಶದಿಂದ ರಾಜವಂಶಕ್ಕೆ, ಯುದ್ಧದಿಂದ ಒಪ್ಪಂದಕ್ಕೆ ಸಾಗುತ್ತದೆ. ದಿನ ವಿಶೇಷಕ್ಕೆ ಆ ಶಿಸ್ತಿಲ್ಲ. ಅದು ಹಿಂದೂಸ್ತಾನಿ ಗಾಯಕನನ್ನು ಸೇನಾಪತಿಯ ಪಕ್ಕದಲ್ಲೇ ಕೂರಿಸುತ್ತದೆ, ಕವಿಯನ್ನು ಬಾಹ್ಯಾಕಾಶ ನೌಕೆಯ ಪಕ್ಕದಲ್ಲಿ. ಪಂಕ್ತಿಭೇದವಿಲ್ಲದ ಈ ಕೂಟದಲ್ಲಿ, ಬೇರೆ ದಾರಿಯಲ್ಲಿ ಎದುರಾಗದ ಹೆಸರೊಂದು ಮಗುವಿನ ಕಿವಿಗೆ ಬೀಳುತ್ತದೆ. ಪಟ್ಟಿಯನ್ನು ಊರಿನವರೇ ಮಾಡಿದರೆ ದಿನದ ಮುಖವೇ ಬದಲಾಗುವುದೂ ಉಂಟು. ತುಮಕೂರು ಜಿಲ್ಲೆಯಲ್ಲಿ ಏಪ್ರಿಲ್ 1 ಎಂದರೆ ಮೂರ್ಖರ ದಿನವಲ್ಲ, ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಜನ್ಮದಿನ. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ತೊಂದರೆ ಇರುವುದು ಪಟ್ಟಿ ಎಲ್ಲಕ್ಕೂ ಒಂದೇ ತೂಕ ಕೊಡುವುದರಲ್ಲಿ. ಎರಡು ಸಂಗತಿಗಳು ಒಂದೇ ತಾರೀಖಿಗೆ ಬರುವುದಕ್ಕೆ ಕಾರಣಗಳು ಬೇರೆ ಬೇರೆ ಇರುತ್ತವೆ. ಕೆಲವು ಬೇಕೆಂದೇ ತಂದವು. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದದ್ದು ಆಕಸ್ಮಿಕವಲ್ಲ. 1930ರ ಜನವರಿ 26ರಂದು ಕಾಂಗ್ರೆಸ್ ಪೂರ್ಣ ಸ್ವರಾಜ್ಯ ದಿನ ಆಚರಿಸಿತ್ತು, ಆ ನೆನಪಿಗಾಗಿಯೇ ಸಂವಿಧಾನ ಅಂಗೀಕಾರವಾದ ಮೇಲೂ ಎರಡು ತಿಂಗಳು ಕಾದರು. ಕನ್ನಡಿಗರ ನವೆಂಬರ್ 1 ಕೇರಳದವರಿಗೂ ಹುಟ್ಟುಹಬ್ಬವಾಗಿರುವುದು ಕಾಕತಾಳೀಯವಲ್ಲ, 1956ರಲ್ಲಿ ರಾಜ್ಯ ಪುನರ್ವಿಂಗಡಣೆ ಜಾರಿಯಾದ ದಿನವೇ ಅದು. ಇನ್ನು ಕೆಲವು ಬರೀ ಆಕಸ್ಮಿಕ: ಲಜಪತ್ ರಾಯ್‌ಗೂ ಚಾಲೆಂಜರಿಗೂ ಎತ್ತಣಿಂದೆತ್ತ ಸಂಬಂಧ?

ಮೂರನೆಯ ಜಾತಿಯವು ಸುಳ್ಳು ಹೊಂದಾಣಿಕೆಗಳು. ಷೇಕ್ಸ್‌ಪಿಯರ್ ಮತ್ತು ಸರ್ವಾಂಟಿಸ್ ಇಬ್ಬರೂ 1616ರ ಏಪ್ರಿಲ್ 23ರಂದು ತೀರಿಕೊಂಡರೆಂದು ಪುಸ್ತಕ ದಿನದ ಭಾಷಣಗಳಲ್ಲಿ ಕೇಳುತ್ತೇವೆ. ಆಗ ಸ್ಪೇನ್ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದಾಗಿತ್ತು, ಇಂಗ್ಲೆಂಡ್ ಹಳೆಯ ಜೂಲಿಯನ್ ಲೆಕ್ಕದಲ್ಲೇ ಇತ್ತು. ಎರಡರ ನಡುವೆ ಹತ್ತು ದಿನದ ಅಂತರ. ತಾರೀಖು ಒಂದೇ ಎಂದರೂ ದಿನ ಬೇರೆ.

ಇಂಥ ಸುಳ್ಳು ಹೊಂದಾಣಿಕೆಯೊಂದು ತಿಪಟೂರಿನ ರಾಮಣ್ಣನವರ ಹೆಸರಿಗೇ ಅಂಟಿಕೊಂಡಿದೆ. 1974ರ ಮೇ 18ರ ಬೆಳಿಗ್ಗೆ ಪೋಖ್ರಾನಿನಲ್ಲಿ ಭಾರತದ ಮೊದಲ ಅಣುಸ್ಫೋಟ ನಡೆಯಿತು, ಅದನ್ನು ಮುನ್ನಡೆಸಿದವರಲ್ಲಿ ರಾಮಣ್ಣ ಪ್ರಮುಖರು. ‘ಬುದ್ಧ ನಕ್ಕ’ ಎಂಬ ಮಾತು ಅದರ ಜೊತೆ ಬೆಳೆಯಿತು. ಅಂದು ಬುದ್ಧ ಪೂರ್ಣಿಮೆಯಾಗಿತ್ತು, ಅದಕ್ಕೇ ಆ ಹೆಸರು ಎಂಬ ವಿವರಣೆ ದಿನ ವಿಶೇಷಗಳಲ್ಲಿ ಮಾತ್ರವಲ್ಲ, ಗಂಭೀರ ಲೇಖನಗಳಲ್ಲೂ ಕಾಣಸಿಗುತ್ತದೆ.

ಇದನ್ನು ಒರೆಗೆ ಹಚ್ಚಲು ದೊಡ್ಡ ಗ್ರಂಥಾಲಯ ಬೇಡ, ಒಂದು ಗ್ರಹಣದ ತಾರೀಖು ಸಾಕು. 1974ರ ಜೂನ್ 20ರಂದು ಖಗ್ರಾಸ ಸೂರ್ಯಗ್ರಹಣವಾಯಿತು. ಸೂರ್ಯಗ್ರಹಣ ಅಮಾವಾಸ್ಯೆಗಲ್ಲದೆ ಬೇರೆ ದಿನ ಆಗುವುದಿಲ್ಲ. ಅಲ್ಲಿಂದ ಇಪ್ಪತ್ತೊಂಬತ್ತೂವರೆ ದಿನ ಹಿಂದಕ್ಕೆ ಎಣಿಸಿದರೆ ಹಿಂದಿನ ಅಮಾವಾಸ್ಯೆ ಮೇ 21–22ಕ್ಕೆ ಬೀಳುತ್ತದೆ. ಅಂದರೆ ಮೇ 18 ಬಹುಳ ಪಕ್ಷದ ಕೊನೆಯ ಭಾಗ, ಅಮಾವಾಸ್ಯೆಗೆ ಇನ್ನು ಮೂರು ನಾಲ್ಕು ದಿನ. ಆ ವರ್ಷದ ವೈಶಾಖ ಹುಣ್ಣಿಮೆ ಮೇ 6ಕ್ಕೇ ಕಳೆದುಹೋಗಿತ್ತು. ಹುಣ್ಣಿಮೆಗೆ ಸರಿಯಾಗಿ ಬಂದದ್ದು 1998ರ ಅಣುಪರೀಕ್ಷೆ: ಆ ವರ್ಷದ ಮೇ 11 ನಿಜಕ್ಕೂ ಬುದ್ಧ ಪೂರ್ಣಿಮೆ. 1998ರ ನಿಜ 1974ರ ನಂಬಿಕೆಗೆ ಇನ್ನಷ್ಟು ಬಲ ಕೊಟ್ಟಿರಬೇಕು. ಹೊಂದಾಣಿಕೆ ಚೆಂದವಾಗಿದ್ದಷ್ಟೂ ಅದನ್ನು ತಾಳೆ ನೋಡುವ ಮನಸ್ಸು ಕಡಿಮೆ.

ಹುಟ್ಟಿದ ದಿನಗಳ ಕಥೆಯೂ ಹೀಗೆಯೇ. ಕಾರ್ಯಪ್ಪನವರ ಜನ್ಮವರ್ಷ ಒಂದೆಡೆ 1899 ಎಂದಿದ್ದರೆ ಇನ್ನೊಂದೆಡೆ 1900 ಎಂದಿರುತ್ತದೆ. ದೇಶದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರ ವಿಚಾರದಲ್ಲೇ ಹೀಗಾದರೆ ಉಳಿದವರದ್ದು ಕೇಳಬೇಕೆ? ಹಳ್ಳಿಗಾಡಿನಲ್ಲಿ ಹಿಂದಿನ ತಲೆಮಾರಿನ ಎಷ್ಟೋ ಜನರ ಜನ್ಮದಿನ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಬರೆದದ್ದು. ಮನೆಯವರಿಗೆ ನೆನಪಿರುತ್ತಿದ್ದುದು ಯುಗಾದಿಯ ಹಿಂದುಮುಂದು, ಜಾತ್ರೆಯ ವಾರ, ಇಲ್ಲವೇ ಕೆರೆ ಕೋಡಿ ಬಿದ್ದ ವರ್ಷ. ಅರ್ಜಿಗೆ ಬೇಕಾಗಿದ್ದುದು ಒಂದು ಅಂಕಿ. ಆ ಅಂಕಿ ಅಂಕಪಟ್ಟಿಗೆ ಹೋಗಿ, ಅಲ್ಲಿಂದ ನೌಕರಿಯ ದಾಖಲೆಗೆ ಹೋಗಿ, ಕೊನೆಗೆ ಅಭಿನಂದನ ಗ್ರಂಥದಲ್ಲಿ ಅಚ್ಚಾಗುತ್ತದೆ. ಯಾವ ತಾರೀಖು ಮನೆಯ ಜಾತಕದ್ದು, ಯಾವುದು ಶಾಲೆಯ ರಿಜಿಸ್ಟರಿನದು ಎಂದು ಪಟ್ಟಿ ಹೇಳುವುದಿಲ್ಲ.

ಶಾಸನತಜ್ಞರಿಗೆ ಈ ಎಚ್ಚರ ಮೊದಲಿನಿಂದಲೂ ಇದೆ. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯದು. ಚಿಕ್ಕನಾಯಕನಹಳ್ಳಿ, ತಿಪಟೂರಿನ ಶಾಸನಗಳು ಅದರಲ್ಲಿವೆ. ಕಲ್ಲಿನ ಮೇಲೆ ಕಾಲ ಬರುವುದು ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳಾಗಿ. ಅದನ್ನು ಇಂದಿನ ತಾರೀಖಿಗೆ ತರುವಾಗ ವಿದ್ವಾಂಸರು ಸ್ವಾಮಿಕಣ್ಣು ಪಿಳ್ಳೈ ಅವರ ಕೋಷ್ಟಕಗಳನ್ನು ಮುಂದಿಟ್ಟುಕೊಂಡು ತಿಥಿಗೂ ವಾರಕ್ಕೂ ತಾಳೆ ಹಾಕುತ್ತಾರೆ. ಹೊಂದದಿದ್ದರೆ ಹೊಂದುವುದಿಲ್ಲವೆಂದು ಬರೆದಿಡುತ್ತಾರೆ. ದಿನ ವಿಶೇಷ ಬರೆಯುವವರಿಗೆ ಒಂದು ಮಾದರಿ ಬೇಕಿದ್ದರೆ ತಮ್ಮ ತಾಲ್ಲೂಕಿನ ಶಾಸನ ಸಂಪುಟದಲ್ಲೇ ಇದೆ.

ಹಾಗಾದರೆ ಬರೀ ಆಕಸ್ಮಿಕವಾದ ಹೊಂದಾಣಿಕೆಗೆ ಬೆಲೆಯೇ ಇಲ್ಲವೇ? ಇದೆ, ಅದರ ಹಿಂದೆ ಒಂದಷ್ಟು ದೂರ ನಡೆಯುವ ತಾಳ್ಮೆಯಿದ್ದರೆ. ನವೆಂಬರ್ 26ನ್ನು ನೋಡಬಹುದು. 1906ರ ಆ ದಿನ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ತೀ.ನಂ. ಶ್ರೀಕಂಠಯ್ಯ ಹುಟ್ಟಿದರು. 1949ರ ಅದೇ ದಿನ ಸಂವಿಧಾನ ಸಭೆ ಸಂವಿಧಾನವನ್ನು ಅಂಗೀಕರಿಸಿತು, ತೀ.ನಂ.ಶ್ರೀ ಅವರಿಗೆ ಅಂದು 43 ತುಂಬಿತ್ತು. ಸಂವಿಧಾನದ ಪಾರಿಭಾಷಿಕ ಪದಗಳನ್ನು ಭಾರತೀಯ ಭಾಷೆಗಳಲ್ಲಿ ರೂಪಿಸುವ ಕೆಲಸದಲ್ಲಿ ಅವರೂ ಇದ್ದರು, ‘ರಾಷ್ಟ್ರಪತಿ’ ಎಂಬುದು ಅವರ ಸಲಹೆ ಎಂಬ ಮಾತು ಅವರ ಬಗೆಗಿನ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಜನ್ಮದಿನಕ್ಕೂ ಸಂವಿಧಾನದ ದಿನಕ್ಕೂ ಇಷ್ಟು ಹತ್ತಿರದ ನಂಟು ಸಿಕ್ಕರೆ ಪಟ್ಟಿಕಾರರಿಗೆ ಹಬ್ಬ.

ಆದರೆ ಇಲ್ಲಿಯೂ ಒಂದು ಹೆಜ್ಜೆ ತಡೆದು ನಿಲ್ಲಬೇಕು. ‘ರಾಷ್ಟ್ರಪತಿ’ ಎಂಬ ಹೆಸರು ಸಂವಿಧಾನಕ್ಕೂ ಮೊದಲೇ ಬಳಕೆಯಲ್ಲಿತ್ತು. ಸ್ವಾತಂತ್ರ್ಯಪೂರ್ವದಲ್ಲಿ ಕಾಂಗ್ರೆಸ್ ಅಧ್ಯಕ್ಷರನ್ನು ರಾಷ್ಟ್ರಪತಿ ಎಂದೇ ಕರೆಯುತ್ತಿದ್ದರು. 1937ರ ನವೆಂಬರಿನ ಮಾಡರ್ನ್ ರಿವ್ಯೂ ಪತ್ರಿಕೆಯಲ್ಲಿ ಜವಾಹರಲಾಲ್ ನೆಹರೂ ‘ಚಾಣಕ್ಯ’ ಎಂಬ ಗುಪ್ತನಾಮದಲ್ಲಿ ತಮ್ಮನ್ನು ತಾವೇ ಟೀಕಿಸಿ ಬರೆದ ಲೇಖನಕ್ಕೂ ಅದೇ ಹೆಸರು. ಆದ್ದರಿಂದ ತೀ.ನಂ.ಶ್ರೀ ಆ ಪದವನ್ನು ‘ಸೃಷ್ಟಿಸಿದರು’ ಎಂಬ ಸಾಲು ನಿಲ್ಲುವುದಿಲ್ಲ. ಗಣರಾಜ್ಯದ ಮುಖ್ಯಸ್ಥರ ಹುದ್ದೆಗೆ ಅದನ್ನು ಸೂಚಿಸಿದರು ಎಂದು ಬರೆದರೆ ಆಧಾರಕ್ಕೆ ಮೀರದ ಮಾತಾಗುತ್ತದೆ. ಚಾಣಕ್ಯನ ತಂತ್ರಗಳೇ ಕಥೆಯಾಗಿರುವ ವಿಶಾಖದತ್ತನ ನಾಟಕವನ್ನು ‘ರಾಕ್ಷಸನ ಮುದ್ರಿಕೆ’ಯಾಗಿ ಕನ್ನಡಕ್ಕೆ ತಂದವರೂ ತೀ.ನಂ.ಶ್ರೀ ಅವರೇ ಎಂಬುದು ಮಾತ್ರ ಶುದ್ಧ ಆಕಸ್ಮಿಕ, ಸವಿಯಲಿಕ್ಕೆ ಅಡ್ಡಿಯಿಲ್ಲ.

ಇನ್ನೊಂದು ವಿಷಯ. ನವೆಂಬರ್ 26 ಸಂವಿಧಾನ ದಿನವಾದದ್ದು 2015ರಲ್ಲಿ. ತೀ.ನಂ.ಶ್ರೀ 1966ರ ಸೆಪ್ಟೆಂಬರ್ 7ರಂದೇ ತೀರಿಕೊಂಡಿದ್ದರು. ಆಚರಣೆಯ ಕ್ಯಾಲೆಂಡರ್ ಬದಲಾದಂತೆ ಹಳೆಯ ಜನ್ಮದಿನಗಳಿಗೆ ಹೊಸ ನೆರೆಹೊರೆ ಹುಟ್ಟಿಕೊಳ್ಳುತ್ತದೆ. ಕ್ಷೀರಕ್ರಾಂತಿಯ ಕುರಿಯನ್ ಅವರ ಜನ್ಮದಿನವೆಂದು ಅದೇ ತಾರೀಖು ರಾಷ್ಟ್ರೀಯ ಹಾಲು ದಿನವೂ ಹೌದು. ಮುಂಬಯಿ ದಾಳಿಯ ಕರಾಳ ದಿನವೂ ಹೌದು. ಆ ದಾಳಿ 2008ರ ನವೆಂಬರ್ 26ಕ್ಕೆ ಶುರುವಾಗಿ 29ರ ಬೆಳಿಗ್ಗೆ ಮುಗಿಯಿತು. ಬೆಂಗಳೂರಿನ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಹುತಾತ್ಮರಾದದ್ದು 28ರಂದು. ಪಟ್ಟಿಯ ಲೆಕ್ಕದಲ್ಲಿ ಅವರ ಸಾವು ಬೇರೆ ಪುಟಕ್ಕೆ ಹೋಗುತ್ತದೆ.

ನವೆಂಬರ್ 26ರಲ್ಲಿ ತೀ.ನಂ.ಶ್ರೀ ಅವರಿಗೆ ನಿಜವಾದ ಜೊತೆಗಾರ ಬೇರೆಯೇ ಒಬ್ಬರಿದ್ದಾರೆ. ಆಧುನಿಕ ಭಾಷಾವಿಜ್ಞಾನಕ್ಕೆ ತಳಹದಿ ಹಾಕಿದ ಫರ್ಡಿನಾಂಡ್ ದ ಸಸ್ಯೂರ್ 1857ರ ಇದೇ ದಿನ ಜಿನೀವಾದಲ್ಲಿ ಹುಟ್ಟಿದರು. ಅವರ ಹೆಸರು ಉಳಿಸಿದ ಪುಸ್ತಕವನ್ನು ಅವರು ಬರೆಯಲೇ ಇಲ್ಲ. 1913ರಲ್ಲಿ ತೀರಿಕೊಂಡ ಮೇಲೆ, ವಿದ್ಯಾರ್ಥಿಗಳ ಟಿಪ್ಪಣಿಗಳಿಂದ ಸಹೋದ್ಯೋಗಿಗಳು ಅದನ್ನು 1916ರಲ್ಲಿ ಹೊರತಂದರು. ತೀ.ನಂ.ಶ್ರೀ ಒಂದು ಕಡೆ ‘ಕನ್ನಡ ಮಧ್ಯಮ ವ್ಯಾಕರಣ’ ಬರೆದು ತಲೆಮಾರುಗಳ ಮಕ್ಕಳಿಗೆ ಭಾಷೆಯ ಒಳಗಟ್ಟನ್ನು ತಿಳಿಸಿದರು, ಇನ್ನೊಂದು ಕಡೆ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ಶಬ್ದ ಮತ್ತು ಅರ್ಥದ ಸಂಬಂಧವನ್ನು ಕುರಿತು ನಮ್ಮ ಆಲಂಕಾರಿಕರು ಹೇಳಿದ್ದನ್ನು ತಿಳಿಗನ್ನಡದಲ್ಲಿ ಬಿಡಿಸಿಟ್ಟರು. ಧ್ವನಿಯ ವಿಚಾರ ಓದಿದ ಕನ್ನಡ ಎಂ.ಎ. ವಿದ್ಯಾರ್ಥಿಗೆ ಅದೇ ಸಂಬಂಧದ ಬಗ್ಗೆ ಸಸ್ಯೂರ್ ಕೇಳಿದ ಪ್ರಶ್ನೆ ಹೊಸದೆನಿಸದು, ಉತ್ತರ ಹೊಸದೆನಿಸೀತು. ತಾರೀಖು ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿತು, ಅಷ್ಟೇ. ಮುಂದಿನ ಓದು ಓದುಗನದು. ದಿನ ವಿಶೇಷದ ಸಾರ್ಥಕತೆ ಇರುವುದು ಇಂಥ ಕಡೆ, ಅದು ಅಲ್ಲಿಗೆ ಹೋಗುವುದೇ ಅಪರೂಪ.

ತಾರೀಖಿಗೆ ಸಿಕ್ಕದ ಇತಿಹಾಸವನ್ನು ಈ ಪಟ್ಟಿ ಏನು ಮಾಡುತ್ತದೆ ಎಂಬ ಪ್ರಶ್ನೆ ತೆಂಗಿನ ಸೀಮೆಯಲ್ಲಿ ಏಳಲೇಬೇಕು. ಸೆಪ್ಟೆಂಬರ್ 2 ವಿಶ್ವ ತೆಂಗು ದಿನ. 1969ರ ಆ ದಿನ ಏಷ್ಯಾ ಮತ್ತು ಪೆಸಿಫಿಕ್ ತೆಂಗು ಸಮುದಾಯ ಎಂಬ ಅಂತರಸರ್ಕಾರಿ ಸಂಸ್ಥೆ ಸ್ಥಾಪನೆಯಾದ ನೆನಪಿಗೆ ಅದು. ತಿಪಟೂರಿನ ಉಂಡೆ ಕೊಬ್ಬರಿಗೆ ಆ ದಿನದ ಹಂಗಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿದರೆ ಒಳಗಿನ ನೀರು ಇಂಗಿ, ಕಾಯಿ ಒಣಗಿ, ಚಿಪ್ಪಿನೊಳಗೆ ಕೊಬ್ಬರಿ ಬಿಟ್ಟುಕೊಂಡು ಗುಡುಗುಡು ಸದ್ದು ಮಾಡುವುದಕ್ಕೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಬೇಕು. 1998ರಲ್ಲಿ ಕೇರಳದಲ್ಲಿ ಪತ್ತೆಯಾದ ನುಸಿಪೀಡೆ ಕರ್ನಾಟಕದ ತೋಟಗಳಿಗೂ ಹಬ್ಬಿ ಕಾಯಿಯ ಗಾತ್ರ ಕುಗ್ಗಿಸಿತು. ಅದು ಈ ಸೀಮೆಗೆ ಕಾಲಿಟ್ಟದ್ದು ಯಾವ ತಾರೀಖಿನಂದು? ಅಂಥ ತಾರೀಖೇ ಇರಲಾರದು. ಬರ, ಬತ್ತಿದ ಕೊಳವೆಬಾವಿ, ಹೂಳು ತುಂಬಿದ ಕೆರೆ ಯಾವುದೂ ಒಂದು ದಿನದಲ್ಲಿ ಆಗುವಂಥದಲ್ಲ. ಹಳ್ಳಿಯ ಬದುಕನ್ನು ಬುಡಮೇಲು ಮಾಡಿದ ಸಂಗತಿಗಳೇ ಹೀಗೆ ಪಟ್ಟಿಯ ಹೊರಗೆ ನಿಲ್ಲುತ್ತವೆ, ಹುಟ್ಟಿದ ದಿನ ಗೊತ್ತಿರುವ ದೊಡ್ಡವರು ಒಳಗೆ ಬರುತ್ತಾರೆ.

ತಾರೀಖು ಇದ್ದೂ ಬಿಟ್ಟುಹೋಗುವ ಸಂಗತಿಗಳದು ಬೇರೆ ಕಥೆ. ಅಲ್ಲಿ ಪ್ರಕಾರದ ಮಿತಿಯನ್ನು ದೂರುವಂತಿಲ್ಲ, ಪಟ್ಟಿ ಮಾಡುವವರ ಸೋಮಾರಿತನವನ್ನೇ ಹೇಳಬೇಕು. ಸಿದ್ಧ ಪಟ್ಟಿಗಳು ಆಗಸ್ಟ್ 26ಕ್ಕೆ ಮದರ್ ತೆರೇಸಾ ಹುಟ್ಟನ್ನು ಕೊಡುತ್ತವೆ. 2011ರ ಅದೇ ಆಗಸ್ಟ್ 26ರಂದು ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಗಣಿಗಳಿದ್ದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಮಟ್ಟಿಗೆ ಇದಕ್ಕಿಂತ ದೊಡ್ಡ ದಿನ ಇತ್ತೀಚಿನ ದಶಕಗಳಲ್ಲಿ ಹೆಚ್ಚು ಸಿಗುವುದಿಲ್ಲ. ಊರಿನ ಪಟ್ಟಿಯನ್ನು ಊರಿನಲ್ಲೇ ಮಾಡುವುದಾದರೆ ಈ ನಮೂದಿಗೆ ಮೂರು ಸಾಲು ಬೇಕಾದೀತು: ನ್ಯಾಯಾಲಯ ಏನು ಹೇಳಿತು, ಅದಿರಿನ ಲಾರಿ ನಿಂತಾಗ ಯಾರ ಕೆಲಸ ಹೋಯಿತು, ಕೆಂಪು ಧೂಳಿನ ಕಾಟ ತಪ್ಪಿ ಯಾರ ತೋಟಕ್ಕೆ ಉಸಿರು ಬಂತು. ಮೊದಲನೆಯದು ತೀರ್ಪಿನ ಪ್ರತಿಯಲ್ಲಿ ಸಿಗುತ್ತದೆ. ಉಳಿದೆರಡಕ್ಕೆ ಲಾರಿ ಓಡಿಸಿದವರನ್ನೂ ತೋಟದವರನ್ನೂ ಹೋಗಿ ಕೇಳಬೇಕು.