ದೇಸಾಯಿಯ ಸಹಿ

ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದ 56 ಜನರ ಹಸ್ತಾಕ್ಷರಗಳನ್ನು ಪೂರ್ತಿ ಕೂಡಿಸುವುದು ಅಲ್ಲಿನ ಸಂಗ್ರಾಹಕರ ಹಳೆಯ ಹುಚ್ಚು. ಅವುಗಳಲ್ಲಿ ಬಟನ್ ಗ್ವಿನೆಟ್ ಎಂಬಾತನ ಸಹಿಯ ಬೆಲೆ ಕಣ್ಣು ಕುಕ್ಕುವಂಥದ್ದು. ಅವನೇನೂ ದೊಡ್ಡ ಮುತ್ಸದ್ದಿಯಲ್ಲ. ಮರುವರ್ಷ, 1777ರಲ್ಲಿ, ದ್ವಂದ್ವಯುದ್ಧದ ಗಾಯದಿಂದ ಸತ್ತ. ಹಾಗಾಗಿ ಕೈಬರಹ ಉಳಿದದ್ದೇ ಕಡಿಮೆ. ಕಾಗದದಲ್ಲಿ ಏನು ಬರೆದಿದೆ ಎಂಬುದು ಈ ಲೆಕ್ಕದಲ್ಲಿ ಹಿಂದೆ ಬೀಳುತ್ತದೆ.

ನಮ್ಮ ಕಿತ್ತೂರಿನಲ್ಲಿ ಒಂದು ಸಹಿಯ ಮೇಲೆ ಸಂಸ್ಥಾನವೇ ನಿಂತಿತ್ತು. ಮಕ್ಕಳಿಲ್ಲದ ಶಿವಲಿಂಗರುದ್ರಸರ್ಜ ದೇಸಾಯಿ 1824ರ ಸೆಪ್ಟೆಂಬರಿನಲ್ಲಿ ತೀರಿಕೊಂಡ. ದತ್ತಕದ ವಿಷಯ ತಿಳಿಸುವ ಅವನ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಸೇರಿದ್ದು ಅದೇ ಹೊತ್ತಿಗೆ; ಅದರ ಮೇಲಿದ್ದದ್ದು ಜುಲೈ 10ರ ತಾರೀಖು. ಈ ಸಹಿ ನಿಜವಾಗಿ ದೇಸಾಯಿಯದೇ ಎಂದು ಥ್ಯಾಕರೆ ಸಂಶಯಪಟ್ಟ. ದತ್ತಕ ಒಪ್ಪಲಿಲ್ಲ, ಖಜಾನೆಗೆ ತನ್ನ ಮೊಹರು ಹಾಕಿಸಿದ. ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಅವನೇ ಹೆಣವಾದ. (ಕಾದಂಬರಿಕಾರ ಥ್ಯಾಕರೆಗೆ ಈತ ಚಿಕ್ಕಪ್ಪ. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.)

ಆ ಸಂಶಯದ ಹಿಂದೆ ಒಂದು ನಂಬಿಕೆಯಿದೆ: ಮನುಷ್ಯನ ಇಚ್ಛೆಗೆ ಅವನ ಕೈಬರಹವೇ ಸಾಕ್ಷಿ. ಪೇಶ್ವೆಗಳ ಕಾಲದ ದಫ್ತರದ ರೀತಿ ಬೇರೆ. ಮೋಡಿಯಲ್ಲಿ ಕಾರಕೂನ ಬರೆಯುತ್ತಿದ್ದ. ಒಡೆಯನ ಶಿಕ್ಕೆ, ಕೊನೆಯ ಮೋರ್ತಬು ಪತ್ರಕ್ಕೆ ಬಲ ಕೊಡುತ್ತಿದ್ದವು. ಅಂಥ ನಾಡಿನಲ್ಲಿ ಸಾವಿನ ಹಾಸಿಗೆಯಲ್ಲಿದ್ದವನ ಕೈ ನಡುಗಿತೇ ಎಂದು ನೋಡುವುದು ಪರೀಕ್ಷೆಗಿಂತ ನೆಪದಂತೆ ನನಗೆ ಕಾಣುತ್ತದೆ. ಡಾಲ್‌ಹೌಸಿ ಬರುವುದಕ್ಕೆ ಇನ್ನೂ 24 ವರ್ಷವಿತ್ತು.

ಬಿ.ಆರ್. ಪಂತುಲು ಅವರ 1961ರ 'ಕಿತ್ತೂರು ಚೆನ್ನಮ್ಮ' ಚಿತ್ರದಿಂದ ನಮಗೆ ಉಳಿದದ್ದು ಕಪ್ಪದ ಮಾತು. ಬಿ. ಸರೋಜಾದೇವಿಯ ಆ ದನಿಯನ್ನು ನಾನೂ ಮರೆತಿಲ್ಲ. ಆದರೆ ಕಪ್ಪದ ಜಗಳವಾಗಿ ನೆನೆದರೆ ದತ್ತಕದ ಜಗಳ ಮರೆಯಾಗುತ್ತದೆ. ಜತೆಗೆ ಇನ್ನೊಬ್ಬ ಚೆನ್ನಮ್ಮ ಕಳೆದುಹೋಗುತ್ತಾಳೆ: ಕಮಿಷನರ್ ಚಾಪ್ಲಿನ್‌ಗೆ, ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರ ಬರೆಸಿ ವಾದ ಹೂಡಿದವಳು. ಕತ್ತಿ ಹಿಡಿದ ಪ್ರತಿಮೆ ಊರೂರಿಗೂ ಇದೆ; ವಕಾಲತ್ತು ಮಾಡಿದ ರಾಣಿಯನ್ನು ನಾಟಕದವರು ಯಾಕೋ ಮುಟ್ಟಿಲ್ಲ.

ಆ ದತ್ತಕಪತ್ರ ನಾಳೆ ಹರಾಜಿಗೆ ಬಂದರೆ ಕೊಳ್ಳುವವನ ಮೊದಲ ಪ್ರಶ್ನೆಯೂ ಥ್ಯಾಕರೆಯದೇ ಆಗಿರುತ್ತದೆ: ಸಹಿ ಅಸಲಿಯೇ? ನನಗೆ ಬೇಕಾದದ್ದು ಅದರ ಜತೆಯ ಕಾಗದಗಳು. ದತ್ತಕಕ್ಕೆ ಕಂಪನಿಯ ಒಪ್ಪಿಗೆ ಬೇಕೆಂದು ಮೊದಲು ಬರೆದವರಾರು, ರಾಣಿ ಅದಕ್ಕೆ ಯಾವ ಪೂರ್ವಪದ್ಧತಿಯನ್ನು ಎದುರಿಟ್ಟಳು ಎಂದು ಅವುಗಳಲ್ಲಿ ಹುಡುಕಬೇಕು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ಅವಳ ಪತ್ರಗಳನ್ನು ಕಾರಕೂನರ ಕೈಯ ಬರಹವೆಂದು ಸಂಗ್ರಾಹಕ ಪಕ್ಕಕ್ಕಿಟ್ಟಾನು. ನಾನು ಓದಬೇಕೆಂದಿರುವುದು ಅವನ್ನೇ.