ಮೊದಲು ಕಿವಿ, ಆಮೇಲೆ ಪರದೆ

ಬ್ರಿಟನ್ನಿನ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೊದವರಿಗೆ, 136 ಕಿಲೋಹರ್ಟ್ಸ್ ಪಟ್ಟಿ ಸಿಕ್ಕಿದ್ದು 1998ರಲ್ಲಿ. 2007ರ ಜಾಗತಿಕ ರೇಡಿಯೊ ಸಮ್ಮೇಳನ ಅದನ್ನು ವಿಶ್ವಮಟ್ಟದಲ್ಲಿ ಹವ್ಯಾಸಿಗಳಿಗೆ ಹಂಚಿತು: 135.7ರಿಂದ 137.8ರವರೆಗೆ, ಹೊರಸೂಸುವ ಶಕ್ತಿ ಒಂದು ವ್ಯಾಟ್ ಮೀರದಂತೆ. ಒಂದೇ ವ್ಯಾಟ್ ಎಂದರೆ ಜಿಪುಣತನವೆನಿಸಬಹುದು. ಆದರೆ ಅಷ್ಟನ್ನು ಗಾಳಿಗೆ ಬಿಡುವುದೇ ಅಲ್ಲಿ ಸಾಹಸ. ತರಂಗಾಂತರ 2,200 ಮೀಟರ್. ಅದರ ಕಾಲು ಭಾಗದ ಆ್ಯಂಟೆನಾ ಬೇಕೆಂದರೂ 550 ಮೀಟರ್ ಎತ್ತರದ ಕಂಬ ನಿಲ್ಲಿಸಬೇಕು. ಹಿತ್ತಿಲಲ್ಲಿ ಹದಿನೈದು ಮೀಟರ್ ತಂತಿ ಎತ್ತಿ ಕಟ್ಟಿದವನೇ ಭಾಗ್ಯವಂತ. ಅವನು ದೊಡ್ಡ ಬಕೆಟ್ಟಿನ ಸುತ್ತ ಕಾಯಿಲ್ ಸುತ್ತಿ ಆ್ಯಂಟೆನಾವನ್ನು ಶ್ರುತಿಗೆ ತರುತ್ತಾನೆ, ನೂರಾರು ವ್ಯಾಟ್ ಊಡಿಸುತ್ತಾನೆ. ಅದರಲ್ಲಿ ಶೇಕಡಾ ಒಂದರಷ್ಟೂ ತರಂಗವಾಗಿ ಹೊರಡುವುದಿಲ್ಲ. ಉಳಿದದ್ದೆಲ್ಲ ಕಾಯಿಲನ್ನೂ ನೆಲವನ್ನೂ ಬಿಸಿ ಮಾಡಿ ಮುಗಿಯುತ್ತದೆ.

ಇನ್ನು ಕೇಳುವ ಕಡೆಯ ಕಷ್ಟ. ದೂರದ ಮಿಂಚಿನ ಚಟಪಟ, ಅಕ್ಕಪಕ್ಕದ ಮನೆಗಳ ವಿದ್ಯುತ್ ಉಪಕರಣಗಳ ಗುಂಯ್‌ಗುಟ್ಟುವಿಕೆ. ಪಟ್ಟಿಗೆ ತಾಗಿಕೊಂಡೇ 135.6ರಲ್ಲಿ ಹಂಗೇರಿಯ ಪ್ರಬಲ ಪ್ರಸಾರಕೇಂದ್ರವೊಂದು ವಿದ್ಯುತ್ ಜಾಲಕ್ಕೆ ಆದೇಶ ಕೊಡುತ್ತ ಕೂತಿದೆ. ಇಷ್ಟರ ನಡುವೆ ಹೆಡ್‌ಫೋನ್ ಹಾಕಿಕೊಂಡು ನಿಮಿಷಕ್ಕೆ ಹನ್ನೆರಡು ಪದದ ಮೋರ್ಸ್ ಹಿಡಿಯುವುದು ಒಂದು ವಿದ್ಯೆ. ನುರಿತ ಕಿವಿ ಗದ್ದಲದಿಂದ ಒಂದು ಸ್ವರವನ್ನು ಬಿಡಿಸಿಕೊಳ್ಳುತ್ತದೆ. ಮಿಂಚು ಒಂದಕ್ಷರ ನುಂಗಿದರೆ ಹಿಂದುಮುಂದಿನದರಿಂದ ಊಹಿಸಿ ತುಂಬಿಕೊಳ್ಳುತ್ತದೆ. ಆದರೆ ಅದಕ್ಕೊಂದು ಮಿತಿಯಿದೆ. ಕಿವಿ ಧ್ವನಿಯನ್ನು ಕೂಡಿಸಿಕೊಳ್ಳುವುದು ಸೆಕೆಂಡಿನ ಒಂದು ಭಾಗದಷ್ಟು ಹೊತ್ತು ಮಾತ್ರ. ಕ್ಷೀಣವಾದ ಸ್ವರವನ್ನು ಒಂದು ನಿಮಿಷ ಎಳೆದರೂ ಕಿವಿಗೆ ಅದು ಮೊದಲಿಗಿಂತ ಸ್ಪಷ್ಟವಾಗುವುದಿಲ್ಲ.

ಕಂಪ್ಯೂಟರಿಗೆ ಆಗುತ್ತದೆ. ನಿಧಾನ ಮೋರ್ಸಿನ ಗುಟ್ಟು ಇಷ್ಟೇ. ಹನ್ನೆರಡು ಪದದ ವೇಗದಲ್ಲಿ ಒಂದು ಚುಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ. ಅದನ್ನು ಮೂರು ಸೆಕೆಂಡಿಗೆ ಎಳೆಯಿರಿ: ಆವರ್ತನದಲ್ಲಿ ಸಿಗ್ನಲ್ ಬೇಡುವ ಜಾಗ ಮೂವತ್ತರಲ್ಲೊಂದು ಪಾಲಾಗುತ್ತದೆ, ಅದರ ಜೊತೆ ಒಳಬರುವ ಗದ್ದಲವೂ ಅಷ್ಟೇ ಇಳಿಯುತ್ತದೆ, ಲಾಭ ಸುಮಾರು 15 ಡೆಸಿಬೆಲ್. ಚುಕ್ಕೆಯನ್ನು ಒಂದು ನಿಮಿಷಕ್ಕೆ ಎಳೆದರೆ 28 ಡೆಸಿಬೆಲ್. ಆರ್ಗೋ ಅಥವಾ ಸ್ಪೆಕ್ಟ್ರಾನ್‌ನಂಥ ತಂತ್ರಾಂಶ ಆ ಸಿಗ್ನಲನ್ನು ಪರದೆಯ ಮೇಲೆ ಗಿಡ್ಡ ಗೆರೆ, ಉದ್ದ ಗೆರೆಗಳಾಗಿ ಎಳೆಯುತ್ತ ಹೋಗುತ್ತದೆ. ಓದುವವನು ಕೂತು ಓದುತ್ತಾನೆ. ಹ್ಯಾಮ್‌ಗಳು ಇದನ್ನು ಕ್ಯೂಆರ್‌ಎಸ್‌ಎಸ್ ಎನ್ನುತ್ತಾರೆ. ಇಷ್ಟು ಸಣ್ಣ ಕಿಂಡಿಯಲ್ಲಿ ಸಿಗ್ನಲ್ ಅಲುಗಾಡದೆ ನಿಲ್ಲಬೇಕಲ್ಲ? ಅಲ್ಲಿ ಕೆಳಗಿನ ಪಟ್ಟಿ ಕೈಹಿಡಿಯುತ್ತದೆ. ಆಂದೋಲಕ ಹತ್ತು ಲಕ್ಷದಲ್ಲಿ ಒಂದು ಪಾಲು ಸರಿದರೆ 14 ಮೆಗಾಹರ್ಟ್ಸ್‌ನಲ್ಲಿ 14 ಹರ್ಟ್ಸ್ ತಪ್ಪುತ್ತದೆ, ಇಲ್ಲಿ 0.14 ಹರ್ಟ್ಸ್ ಕೂಡ ಇಲ್ಲ.

ಬೆಲೆ ತೆರಬೇಕಾದದ್ದು ಸಮಯದಲ್ಲಿ. ವೇಗ ಅಳೆಯಲು ಬಳಸುವ ‘ಪ್ಯಾರಿಸ್’ ಎಂಬ ಪದಕ್ಕೆ ಐವತ್ತು ಚುಕ್ಕೆಗಳ ಕಾಲ ಬೇಕು. ಹನ್ನೆರಡು ಪದದ ವೇಗದಲ್ಲಿ ಐದು ಸೆಕೆಂಡು. ನಿಮಿಷದ ಚುಕ್ಕೆಯಲ್ಲಿ ಐವತ್ತು ನಿಮಿಷ. 2001ರ ಆರಂಭದಲ್ಲಿ ಇಂಗ್ಲೆಂಡ್ ಮತ್ತು ಕೆನಡಾದ ಇಬ್ಬರು ಹವ್ಯಾಸಿಗಳು ಈ ಪಟ್ಟಿಯಲ್ಲಿ ಅಟ್ಲಾಂಟಿಕ್ ದಾಟಿ ಎರಡೂ ಕಡೆಯ ಸಂಪರ್ಕ ಮುಗಿಸಲು ಹಲವು ರಾತ್ರಿಗಳು ಬೇಕಾದವು. ಇಂಥ ಸಂಪರ್ಕದಲ್ಲಿ ಹೆಸರು, ಊರು, ಹವಾಮಾನದ ಸುದ್ದಿಯಿಲ್ಲ. ಎರಡು ಕರೆಸಂಕೇತ, ಒಂದಕ್ಷರದ ವರದಿ: ಪೂರ್ತಿ ಓದಿದೆನೆಂದರೆ ‘ಓ’, ಅರ್ಧಂಬರ್ಧವೆಂದರೆ ‘ಎಂ’, ಸುಳಿವಷ್ಟೇ ಸಿಕ್ಕಿದರೆ ‘ಟಿ’. ಕೊನೆಗೆ ತಲುಪಿತೆಂಬುದಕ್ಕೆ ‘ಆರ್’.

ಇದನ್ನು ಮಾತುಕತೆ ಎನ್ನಲು ನನಗೆ ಮನಸ್ಸು ಬಾರದು. ಹಾಗೆಂದು ಇದು ಮೋರ್ಸೇ ಅಲ್ಲ ಎನ್ನುವ ಹಳಬರ ವಾದವನ್ನೂ ಒಪ್ಪಲಾರೆ. ನಿಧಾನ ಮೋರ್ಸಿನಲ್ಲಿ ಯಂತ್ರ ಚಿತ್ರ ಬರೆಯುತ್ತದೆ, ತೀರ್ಪು ಮನುಷ್ಯನದೇ: ಇದು ಗೆರೆಯೋ, ಎರಡು ಚುಕ್ಕೆ ಕೂಡಿಕೊಂಡದ್ದೋ, ಬರೀ ಗದ್ದಲವೋ. ಹೆಡ್‌ಫೋನಿನಲ್ಲಿ ಕೇಳುವವನು ಮಾಡುವುದೂ ಇದೇ ವಿವೇಚನೆ. ನೊಬೆಲ್ ಪುರಸ್ಕೃತ ಖಗೋಳ ವಿಜ್ಞಾನಿ ಜೋ ಟೇಲರ್ 2008ರಲ್ಲಿ ಹೊರತಂದ ವಿಸ್ಪರ್ ಎಂಬ ತಂತ್ರಾಂಶದಲ್ಲಿ ಅದೂ ಇಲ್ಲ. ಎರಡು ನಿಮಿಷಕ್ಕೊಮ್ಮೆ ಕಂಪ್ಯೂಟರೇ ಸಂಕೇತ ಬಿಡಿಸಿ, ಪಟ್ಟಿ ಮಾಡಿ ಇಡುತ್ತದೆ. ಅದ್ಭುತ ಸಾಧನ, ತರಂಗ ಪ್ರಸರಣದ ಅಧ್ಯಯನಕ್ಕೆ ಅದರಷ್ಟು ಉಪಕಾರಿ ಬೇರಿಲ್ಲ. ಆದರೆ ಮನುಷ್ಯನ ಗಮನ ಕೆಲಸದಿಂದ ಹೊರಬೀಳುವುದು ಅಲ್ಲಿ, ಕ್ಯೂಆರ್‌ಎಸ್‌ಎಸ್‌ನಲ್ಲಲ್ಲ.

ಪರದೆಯ ಪರವಾಗಿ ಇನ್ನೊಂದು ಮಾತು ಹೇಳಲೇಬೇಕು. 1901ರ ಡಿಸೆಂಬರ್ 12ರಂದು ನ್ಯೂಫೌಂಡ್‌ಲೆಂಡಿನ ಸಿಗ್ನಲ್ ಹಿಲ್‌ನಲ್ಲಿ ಮಾರ್ಕೋನಿ ತಾನು ಕೇಳಿದೆನೆಂದದ್ದು ಅಟ್ಲಾಂಟಿಕ್‌ನ ಆಚೆಯಿಂದ ಬಂದ ‘ಎಸ್’ ಅಕ್ಷರದ ಮೂರು ಚುಕ್ಕೆ. ಏನು ಬರಲಿದೆ ಎಂಬುದು ಆತನಿಗೆ ಮೊದಲೇ ಗೊತ್ತಿತ್ತು, ಕೇಳಿದ್ದಕ್ಕೆ ಯಾವ ಮುದ್ರಿತ ಗುರುತೂ ಉಳಿಯಲಿಲ್ಲ, ಹಾಗಾಗಿ ವಿವಾದ ಇಂದಿಗೂ ನಿಂತಿಲ್ಲ. ನಿರೀಕ್ಷಿಸಿದ್ದೇ ಕೇಳಿಸುವುದು ಕಿವಿಯ ದೌರ್ಬಲ್ಯ. ಪರದೆಯ ಮುಂದೆ ಕೂತ ಕಣ್ಣಿಗೂ ಅದು ಇದೆ, ಆದರೆ ಚಿತ್ರ ಉಳಿದಿರುತ್ತದೆ, ನಾಳೆ ಇನ್ನೊಬ್ಬರು ನೋಡಿ ಅಲ್ಲವೆನ್ನಬಹುದು.

ಆದರೂ ಹೊಸಬರಿಗೆ ನಾನು ಹೇಳುವುದು ಮೊದಲು ಕಿವಿ ಪಳಗಿಸಿ ಎಂದೇ. ನಮ್ಮ ದೇಶದ ಹ್ಯಾಮ್ ಪರವಾನಗಿಯ ಜನರಲ್ ಗ್ರೇಡ್ ಪರೀಕ್ಷೆಗೆಂದು ನಿಮಿಷಕ್ಕೆ ಎಂಟು ಪದ ಕಲಿತವರಿಗೆ ಆರಂಭಕ್ಕೆ ಅಷ್ಟು ಬಂಡವಾಳ ಸಾಕು. ನೆದರ್‌ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ರಿಸೀವರನ್ನು ಬೆಂಗಳೂರಿನಲ್ಲಿ ಕೂತೇ ಅಂತರ್ಜಾಲದಲ್ಲಿ ತಿರುಗಿಸಬಹುದು. ಚಳಿಗಾಲದ ರಾತ್ರಿ, ಮಿಂಚು ಕಡಿಮೆಯಿರುವಾಗ, 136ರ ಸುತ್ತ ಹುಡುಕಿ. ಡಿಸೆಂಬರ್ 24ರಂದು ಸ್ವೀಡನ್ನಿನ ಗ್ರಿಮೆಟನ್ ಕೇಂದ್ರ 1920ರ ದಶಕದ ತನ್ನ ತಿರುಗುವ ಆಲ್ಟರ್ನೇಟರನ್ನೇ ಚಾಲೂ ಮಾಡಿ 17.2 ಕಿಲೋಹರ್ಟ್ಸ್‌ನಲ್ಲಿ ಮೋರ್ಸ್ ಕಳಿಸುವ ವಾಡಿಕೆಯಿದೆ. ಅದನ್ನು ಯಾವ ತಂತ್ರಾಂಶವೂ ಇಲ್ಲದೆ ಪೆನ್ಸಿಲ್ ಹಿಡಿದು ಬರೆದುಕೊಳ್ಳಿ. ಆರ್ಗೋ ಹಾಕಿಕೊಳ್ಳುವುದು ಅದಾದ ಮೇಲೆ.